ಹತ್ತು ಲಕ್ಷ ಡಾಲರಿನ ಹಾದಿಯಲ್ಲಿ ಹಳೆಯ ಲಾರಿ

ಅಮೆರಿಕಾದ ಕೊಲರಾಡೊ ಸಂಸ್ಥಾನದ ನೈಋತ್ಯ ಮೂಲೆಯಲ್ಲಿ ಸಾನ್ ಹ್ವಾನ್ ಪರ್ವತಗಳು ಸಾಲುಗಟ್ಟಿ ನಿಂತಿವೆ. ಇವುಗಳನ್ನು ಹಾಯ್ದು ಡುರಾಂಗೊ ಎಂಬ ಊರಿನಿಂದ ಯೂರೇ ಎಂಬ ಊರಿಗೆ ಹೋಗುವ ಹೆದ್ದಾರಿಯ ಸಂಖ್ಯೆ 550. ದೂರ ಸುಮಾರು 70 ಮೈಲಿ. ಬಯಲುಸೀಮೆಯಲ್ಲಾದರೆ ಗಂಟೆಯೊಂದು ಚಿಲ್ಲರೆಯ ಪ್ರಯಾಣ. ಇಲ್ಲಿ ಮಾತ್ರ ಅವಸರಪಟ್ಟವರಿಗೆ ದಾರಿ ಒಲಿಯುವುದಿಲ್ಲ. ಕೋಲ್ ಬ್ಯಾಂಕ್, ಮೋಲಾಸ್, ರೆಡ್ ಮೌಂಟನ್ ಎಂಬ ಮೂರು ಘಾಟಿಗಳನ್ನು ಒಂದರ ಮೇಲೊಂದರಂತೆ ಹತ್ತಿ ಇಳಿಯಬೇಕು. ಮೊದಲನೆಯದರ ಎತ್ತರ 10,640 ಅಡಿ. ಎರಡನೆಯದು ಅದಕ್ಕಿಂತ ಎತ್ತರ. ಮೂರನೆಯದು 11,000 ಅಡಿಯನ್ನೂ ಮೀರಿದುದು.

ಕಡೆಯ ಘಾಟಿಯಿರುವ ಭಾಗಕ್ಕೆ ‘ಮಿಲಿಯನ್ ಡಾಲರ್ ಹೆದ್ದಾರಿ’, ಎಂದರೆ ಹತ್ತು ಲಕ್ಷ ಡಾಲರಿನ ಹಾದಿ ಎಂದು ಹೆಸರು. ಈ ಹೆಸರು ಬಂದ ಬಗೆಯನ್ನು ಒಬ್ಬೊಬ್ಬರು ಒಂದೊಂದು ವಿಧವಾಗಿ ಹೇಳುತ್ತಾರೆ. ಮೈಲಿಗೆ ಅಷ್ಟು ಹಣ ತಗುಲಿತೆಂದು ಕೆಲವರು. ರಸ್ತೆಗೆ ಹರಡಿದ ಗಣಿಯ ಮಣ್ಣಿನಲ್ಲಿ ಅಷ್ಟು ಬೆಲೆಯ ಚಿನ್ನ ಬೆರೆತಿತ್ತೆಂದು ಕೆಲವರು. ಇಷ್ಟೆಲ್ಲ ಕೊಟ್ಟರೂ ಇನ್ನೊಮ್ಮೆ ಈ ದಾರಿಯಲ್ಲಿ ಬರಲಾರೆನೆಂದು ಯಾರೋ ಹೆದರಿದ ಪ್ರಯಾಣಿಕರು ಉದ್ಗರಿಸಿದರೆಂಬ ಕಥೆಯೂ ಉಂಟು. ಹಾದಿಯನ್ನು ಕಣ್ಣಾರೆ ಕಂಡವರು ಈ ಮೂರನೆಯ ಕಥೆಯನ್ನು ಸುಲಭವಾಗಿ ನಂಬುತ್ತಾರೆ.

ಸೆಪ್ಟೆಂಬರ್ ತಿಂಗಳ ಕೊನೆಯ ವಾರ. ಬೆಟ್ಟದ ಇಳಿಜಾರುಗಳಲ್ಲಿ ಆಸ್ಪೆನ್ ಮರಗಳ ಎಲೆಗಳು ಅರಿಸಿನದ ಬಣ್ಣಕ್ಕೆ ತಿರುಗುವ ಕಾಲ. ಅಂಥ ಒಂದು ಮುಂಜಾನೆ ಡುರಾಂಗೊದ ಹೊರವಲಯದ ಮನೆಯೊಂದರ ಅಂಗಳದಿಂದ ಹಸಿರು ಬಣ್ಣದ ಹಳೆಯ ಲಾರಿಯೊಂದು ಹೊರಟಿತು. 1951ರ ಷೆವರ್ಲೆ, ಅರ್ಧ ಟನ್ನಿನ ಚಿಕ್ಕ ಲಾರಿ. ಗುಂಡಗಿನ ಬಾನೆಟ್ಟು, ಉಬ್ಬಿದ ಮಡ್‌ಗಾರ್ಡು, ಹಿಂದೆ ಮರದ ಹಲಗೆ ಹಾಸಿದ ತೊಟ್ಟಿ. ಈ ಮಾದರಿಯ ಲಾರಿಗಳು 1947ರಿಂದ 1955ರವರೆಗೆ ತಯಾರಾದವು. 1928ರಿಂದ ಮುಂಬಯಿಯಲ್ಲಿಯೂ ವಾಹನಗಳನ್ನು ಜೋಡಿಸುತ್ತಿದ್ದ ಕಂಪೆನಿಯದಾದುದರಿಂದ ಷೆವರ್ಲೆ ಎಂಬ ಹೆಸರು ಭಾರತದ ರಸ್ತೆಗಳಿಗೂ ಹೊಸದಲ್ಲ.

ಚಕ್ರ ಹಿಡಿದು ಕುಳಿತಿದ್ದವಳು ಇಪ್ಪತ್ತನಾಲ್ಕು ವರ್ಷದ ಯುವತಿ. ಪಕ್ಕದಲ್ಲಿ ಎಪ್ಪತ್ತರ ಸಮೀಪದ ಆಕೆಯ ತಂದೆ. ಲಾರಿ ಆಕೆಯ ಅಜ್ಜನದು. ಅನಿಮಾಸ್ ನದಿಯ ಬಯಲಿನಲ್ಲಿ ಹುಲ್ಲು ಹೇರಿ, ಕರು ಸಾಗಿಸಿ, ಕೊನೆಗೆ ಅಜ್ಜನ ಶವಪೆಟ್ಟಿಗೆಯನ್ನೂ ಹೊತ್ತ ಬಂಡಿ. ಮಗಳಿಗೆ ಯೂರೇಯಲ್ಲಿ ಕೆಲಸ ದೊರೆತಿತ್ತು. ಹಿಮ ಬೀಳುವವರೆಗೆ, ಮತ್ತೆ ಹಿಮ ಕರಗಿದ ಮೇಲೆ, ತಿಂಗಳಿಗೆರಡು ಬಾರಿ ಇದೇ ಲಾರಿಯಲ್ಲಿ ಮನೆಗೆ ಬಂದು ಹೋಗುವೆನೆಂದು ಆಕೆಯ ಹಟ. ತಂದೆಗೆ ಅದು ಸಂತೋಷವೂ ಹೌದು, ದಿಗಿಲೂ ಹೌದು.

ಇಬ್ಬರ ನಡುವೆ ಆಸನದ ಮೇಲೆ ರಟ್ಟಿನ ಸಣ್ಣ ಪೆಟ್ಟಿಗೆಯೊಂದು ಇತ್ತು. ತಂದೆ ತರಿಸಿದ ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಸೆಟ್ಟು ಅದು. ಮೂರು ವಾರವಾಗಿದ್ದರೂ ಅದರ ಮುಚ್ಚಳ ತೆರೆದಿರಲಿಲ್ಲ. ಜೋಡಿಸೋಣವೆಂದು ತಂದೆ, ಬೇಡವೆಂದು ಮಗಳು. ಲೋಕದಲ್ಲಿ ಸಾಮಾನ್ಯವಾಗಿ ಹಿರಿಯರು ಹಳೆಯದನ್ನು, ಕಿರಿಯರು ಹೊಸದನ್ನು ಬಯಸುತ್ತಾರೆ. ಈ ಲಾರಿಯಲ್ಲಿ ಅದು ತಲೆಕೆಳಗಾಗಿತ್ತು.

ಕಿಡಿಯ ಕಥೆ

ವಿವಾದ ಅರ್ಥವಾಗಬೇಕಾದರೆ ಪೆಟ್ರೋಲ್ ಎಂಜಿನ್ನಿನೊಳಗೆ ಕಿಡಿ ಹುಟ್ಟುವ ಬಗೆಯನ್ನು ತುಸು ತಿಳಿಯಬೇಕು. ಓಹಾಯೊ ಸಂಸ್ಥಾನದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ರೂಪಿಸಿದ ಏರ್ಪಾಡು 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು. ಮುಂದೆ ಅರವತ್ತು ವರ್ಷಕ್ಕೂ ಮಿಕ್ಕಿ ಪ್ರಪಂಚದ ಬಹುಪಾಲು ಮೋಟಾರುಗಳು ಅದೇ ತತ್ತ್ವದ ಮೇಲೆ ಓಡಿದವು. ಬ್ಯಾಟರಿಯ ವಿದ್ಯುತ್ತು ಕಾಯಿಲಿನ ಮೂಲಕ ಹರಿಯುತ್ತಿರುತ್ತದೆ. ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ತುಟಿಗಳಿವೆ. ನಡುವೆ ತಿರುಗುವ ದಂಡದ ಏಣುಗಳು ತಗುಲಿದಾಗಲೆಲ್ಲ ಈ ತುಟಿಗಳು ಬಿಚ್ಚಿಕೊಳ್ಳುತ್ತವೆ. ಬಿಚ್ಚಿದ ಕ್ಷಣದಲ್ಲಿ ವಿದ್ಯುತ್ತಿನ ಹರಿವು ಕಡಿಯುತ್ತದೆ. ಕಾಯಿಲಿನಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಹುಟ್ಟಿ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ತುಟಿಗಳ ನಡುವೆಯೇ ಕಿಡಿ ಹತ್ತಿ ಅವು ಸುಡದಂತೆ ಕಾಯುವುದು ಕಂಡೆನ್ಸರಿನ ಕೆಲಸ.

ಆರು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 2,500 ಸುತ್ತು ತಿರುಗುತ್ತಿದ್ದರೆ ಆ ಪುಟ್ಟ ತುಟಿಗಳು ನಿಮಿಷಕ್ಕೆ 7,500 ಬಾರಿ ತೆರೆದು ಮುಚ್ಚುತ್ತವೆ. ಅವುಗಳ ನಡುವೆ ಇರಬೇಕಾದ ಸಂದು ಅಂಗುಲವನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಹದಿನಾರು ಭಾಗದಷ್ಟು ಮಾತ್ರ. ದಂಡಕ್ಕೆ ಉಜ್ಜುವ ಗುಬುಟು ಸವೆದಂತೆ ಈ ಸಂದು ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ, ತುಟಿಗಳು ಕರಕಾಗುತ್ತವೆ. ಆದ್ದರಿಂದ ಕೆಲವು ಸಾವಿರ ಮೈಲಿಗಳಿಗೊಮ್ಮೆ ಬಿಚ್ಚಿ, ಒರೆಸಿ, ಅಳತೆ ಸರಿಪಡಿಸುತ್ತಿರಬೇಕು.

ಎಲೆಕ್ಟ್ರಾನಿಕ್ ಏರ್ಪಾಡಿನಲ್ಲಿ ಈ ತುಟಿಗಳಿಲ್ಲ. ತಿರುಗುವ ಅಯಸ್ಕಾಂತವನ್ನು ಒಂದು ಸಂವೇದಕ ಮುಟ್ಟದೆಯೇ ಗುರುತಿಸುತ್ತದೆ. ಟ್ರಾನ್ಸಿಸ್ಟರು ವಿದ್ಯುತ್ತನ್ನು ಕಡಿಯುತ್ತದೆ. ಉಜ್ಜುವುದಿಲ್ಲವಾದ್ದರಿಂದ ಸವೆಯುವುದಿಲ್ಲ. 1970ರ ದಶಕದ ನಡುವಿನ ಹೊತ್ತಿಗೆ ಅಮೆರಿಕಾದ ಹೊಸ ವಾಹನಗಳಲ್ಲೆಲ್ಲ ಇದೇ ಬಂದಿತು. ಹಳೆಯ ಗಾಡಿಗಳ ಡಿಸ್ಟ್ರಿಬ್ಯೂಟರಿನೊಳಗೇ ಕೂರುವಂಥ ಸಣ್ಣ ಸೆಟ್ಟುಗಳೂ ಅಂಗಡಿಗಳಲ್ಲಿ ದೊರೆಯತೊಡಗಿದವು.

ಆದರೆ ಪಾಯಿಂಟು ಕೆಡುವಾಗ ಮೊದಲೇ ಕೆಮ್ಮುತ್ತದೆ, ಮುಗ್ಗರಿಸುತ್ತದೆ. ದಾರಿಬದಿಯಲ್ಲಿ ತಿರುಪುಳಿಯೊಂದರಿಂದ ಅದನ್ನು ಸರಿಪಡಿಸಬಹುದು. ಎಲೆಕ್ಟ್ರಾನಿಕ್ ಭಾಗ ಕೆಡುವುದು ಅಪರೂಪ. ಕೆಟ್ಟರೆ ಮುನ್ಸೂಚನೆಯಿಲ್ಲದೆ ಒಮ್ಮೆಗೇ ಸತ್ತುಹೋಗುವುದುಂಟು. ಅದನ್ನು ಬಿಚ್ಚಿ ರಿಪೇರಿ ಮಾಡುವಂತಿಲ್ಲ; ಬೇರೊಂದನ್ನು ಹಾಕಬೇಕು.

“ಕೆಟ್ಟದ್ದನ್ನು ನಾನೇ ಕೈಯಾರೆ ಸರಿಮಾಡಿಕೊಳ್ಳುವಂತಿರಬೇಕು, ಅಪ್ಪಾ,” ಎಂಬುದು ಮಗಳ ವಾದ.

“ಕೆಡದೆ ಇದ್ದರೆ ಇನ್ನೂ ಒಳ್ಳೆಯದಲ್ಲವೆ?” ಎಂಬುದು ತಂದೆಯ ಉತ್ತರ.

ಉಗಿಬಂಡಿಯ ಬದಲಾದ ಬೆಂಕಿ

ಡುರಾಂಗೊದಿಂದ ಉತ್ತರಕ್ಕೆ ಮೊದಲ ಕೆಲವು ಮೈಲಿಗಳು ಸಮತಟ್ಟಾದ ನದೀ ಬಯಲು. ರಸ್ತೆಯ ಜತೆಜತೆಗೇ ಕಿರಿದಾದ ರೈಲುಹಳಿಗಳು ಸಾಗುತ್ತವೆ. 1880ರಲ್ಲಿ ರೈಲ್ವೆ ಕಂಪೆನಿಯೇ ಹುಟ್ಟುಹಾಕಿದ ಊರು ಡುರಾಂಗೊ. 1882ರಲ್ಲಿ ಹಳಿಗಳು 45 ಮೈಲಿ ಮೇಲಿನ ಸಿಲ್ವರ್‌ಟನ್ನನ್ನು ಮುಟ್ಟಿದವು. ಗಣಿಗಳ ಬೆಳ್ಳಿಯನ್ನು ಇಳಿಸಲು ಹಾಕಿದ ಈ ಮಾರ್ಗದಲ್ಲಿ ಇಂದು ಪ್ರವಾಸಿಗರನ್ನು ಹೊತ್ತು ಉಗಿಬಂಡಿಗಳು ಓಡುತ್ತವೆ.

ಅಂದು ಬೆಳಿಗ್ಗೆ ಲಾರಿಯೂ ರೈಲೂ ಸ್ವಲ್ಪ ದೂರ ಜತೆಗೂಡಿದವು. ಕರಿಯ ಎಂಜಿನ್ನು ಶಿಳ್ಳೆ ಹಾಕಿತು, ಪ್ರಯಾಣಿಕರು ಕೈಬೀಸಿದರು. ನೋಡುವವರಿಗೆ ನೂರು ವರ್ಷದ ಹಿಂದಿನ ಚಿತ್ರವೇ. ಆದರೆ ಒಳಗಿನ ಬೆಂಕಿ ಬದಲಾಗಿದೆ. 2018ರ ಜೂನ್ ತಿಂಗಳಲ್ಲಿ ಈ ಕಣಿವೆಯಲ್ಲಿ ಎದ್ದ ಕಾಡುಕಿಚ್ಚು 50,000 ಎಕರೆಗೂ ಹೆಚ್ಚು ಪ್ರದೇಶವನ್ನು ಸುಟ್ಟಿತು. ಕಲ್ಲಿದ್ದಲಿನ ಎಂಜಿನ್ನಿನಿಂದ ಹಾರುವ ಕೆಂಡದ ಚೂರು ಒಣಗಿದ ಕಾಡಿಗೆ ಎಂಥ ಗಂಡಾಂತರವೆಂಬ ವಿಚಾರ ಆಮೇಲೆ ಬಲವಾಯಿತು. ಮುಂದಿನ ವರ್ಷಗಳಲ್ಲಿ ಎಂಜಿನ್ನುಗಳನ್ನು ಒಂದೊಂದಾಗಿ ಕಲ್ಲಿದ್ದಲಿನಿಂದ ಎಣ್ಣೆಗೆ ಬದಲಾಯಿಸಿದರು. ಉಗಿ ಅದೇ, ಗಾಲಿ ಅದೇ, ಶಿಳ್ಳೆ ಅದೇ, ಒಲೆಯೊಂದು ಬೇರೆ.

ತಂದೆ ರೈಲಿನತ್ತ ಬೆರಳು ತೋರಿ ಮುಗುಳ್ನಕ್ಕರು. ಅವರು ಹೇಳಹೊರಟುದು ಮಗಳಿಗೆ ತಿಳಿಯಿತು. “ಅದಕ್ಕೆ ಊರಿನ ತುಂಬ ಮೆಕ್ಯಾನಿಕ್‌ಗಳಿದ್ದಾರೆ. ನನಗೆ ಘಾಟಿಯಲ್ಲಿ ಯಾರಿದ್ದಾರೆ?” ಎಂದಳು.

ಹಳಿಗಳು ನದಿಯ ಕಂದರವನ್ನು ಹೊಕ್ಕು ಮರೆಯಾದವು. ಹೆದ್ದಾರಿ ಬೆಟ್ಟವನ್ನೇರಿತು. ಕೋಲ್ ಬ್ಯಾಂಕ್ ಘಾಟಿಯಲ್ಲಿ ಲಾರಿ ಎರಡನೆಯ ಗೇರಿಗಿಳಿದು ಏದುಸಿರು ಬಿಡತೊಡಗಿತು. ಇದಕ್ಕೆ ಕಿಡಿಯನ್ನು ದೂರುವುದು ತಪ್ಪು. ಇಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟೇ. 92 ಅಶ್ವಶಕ್ತಿಯ ಎಂಜಿನ್ನು ತನ್ನ ಶಕ್ತಿಯ ಮೂರನೆಯ ಒಂದು ಭಾಗವನ್ನು ಬೆಟ್ಟಕ್ಕೆ ಸುಂಕವಾಗಿ ತೆರುತ್ತದೆ. ಕಾರ್ಬುರೇಟರು ಮಾತ್ರ ಕೆಳಗಿನ ಲೆಕ್ಕದಲ್ಲಿಯೇ ಪೆಟ್ರೋಲ್ ಸುರಿಯುವುದರಿಂದ ಪ್ಲಗ್ಗುಗಳಿಗೆ ಮಸಿ ಹಿಡಿಯುತ್ತದೆ. ಯಾವ ಹೊಸ ಇಗ್ನಿಷನ್ನೂ ಇಲ್ಲದ ಗಾಳಿಯನ್ನು ತಂದುಕೊಡಲಾರದು. ಮಸಿ ಹಿಡಿದ ಪ್ಲಗ್ಗಿನಲ್ಲಿ ದುರ್ಬಲವಾದ ಕಿಡಿ ಬೇಗ ಸೋಲುತ್ತದೆ, ಬಲವಾದ ಕಿಡಿ ಇನ್ನಷ್ಟು ಹೊತ್ತು ನಿಲ್ಲುತ್ತದೆ, ವ್ಯತ್ಯಾಸ ಅಷ್ಟೇ.

ಮೋಲಾಸ್ ಘಾಟಿಯನ್ನು ದಾಟಿ ಇಳಿದರೆ 9,318 ಅಡಿ ಎತ್ತರದಲ್ಲಿ, ಸುತ್ತ ಬೆಟ್ಟಗಳ ಬೊಗಸೆಯಲ್ಲಿ ಇಟ್ಟಂತೆ ಸಿಲ್ವರ್‌ಟನ್. ಈ ಸೀಮೆಯೆಲ್ಲ ಯೂಟ್ ಜನರದಾಗಿತ್ತು. ಬೆಳ್ಳಿಬಂಗಾರದ ಆಸೆಯಿಂದ ಗಣಿಗಾರರು ನುಗ್ಗಿದ ಮೇಲೆ 1873ರ ಒಪ್ಪಂದದಲ್ಲಿ ಅವರು ಈ ಪರ್ವತಗಳನ್ನು ಬಿಟ್ಟುಕೊಡಬೇಕಾಯಿತು. ಅವರ ಮುಖಂಡನ ಹೆಸರೇ ಮುಂದಿನ ಊರಾದ ಯೂರೇಗೆ ನಿಂತಿದೆ. ಊರು ಮಾತ್ರ ಅವರದಾಗಿ ಉಳಿಯಲಿಲ್ಲ. ಸಿಲ್ವರ್‌ಟನ್ನಿನ ಸಮೀಪದ ಕೊನೆಯ ದೊಡ್ಡ ಗಣಿಯೂ 1991ರಲ್ಲಿ ಮುಚ್ಚಿತು. ಬಣ್ಣಬಣ್ಣದ ಹಳೆಯ ಅಂಗಡಿಗಳ ಬೀದಿಯಲ್ಲಿ ತಂದೆ ಮಗಳು ಕಾಫಿ ಕುಡಿದು, ರೇಡಿಯೇಟರಿಗೆ ನೀರು ತುಂಬಿ, ಮುಂದಕ್ಕೆ ಹೊರಟರು.

ಕೆಮ್ಮಿದ ಎಂಜಿನ್ನು

ರೆಡ್ ಮೌಂಟನ್ ಘಾಟಿಯ ದಕ್ಷಿಣದ ಏರಿನಲ್ಲಿ ಲಾರಿ ಕೆಮ್ಮಿತು. ಮೊದಲು ಒಂದು ಸಲ. ಆಮೇಲೆ ಪ್ರತಿ ತಿರುವಿಗೂ. ಕೊಳವೆಯಲ್ಲಿ ಠಪ್ಪೆಂದು ಸದ್ದು. ಹಿಂದೆ ಆರೇಳು ಕಾರುಗಳ ಸಾಲು ಬೆಳೆಯಿತು. ಅದೃಷ್ಟಕ್ಕೆ ರಸ್ತೆಯ ಪಕ್ಕದಲ್ಲಿ ಅಗಲವಾದ ಸಮತಟ್ಟು ಜಾಗವೊಂದು ಸಿಕ್ಕಿತು. ಮಗಳು ಲಾರಿಯನ್ನು ಅಲ್ಲಿಗೆ ತಂದು ನಿಲ್ಲಿಸಿದಳು.

ಬಾನೆಟ್ಟು ಎತ್ತಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಲಾರಿಯನ್ನು ಗೇರಿಗೆ ಹಾಕಿ ತುಸು ಮುಂದಕ್ಕೂ ಹಿಂದಕ್ಕೂ ಅಲುಗಿಸಿ ಪಾಯಿಂಟುಗಳು ಪೂರ್ತಿ ತೆರೆಯುವಂತೆ ದಂಡವನ್ನು ತಂದರು. ತೆರೆದದ್ದು ಎಲ್ಲಿ? ಸಂದು ಕೂದಲೆಳೆಯಷ್ಟಾಗಿತ್ತು. ತಂದೆ ಅಳತೆಯ ತೆಳುಪಟ್ಟಿಯನ್ನು ಹಿಡಿದು ಬಾಗಿದರು. ಕನ್ನಡಕವನ್ನು ಹಣೆಗೇರಿಸಿದರು, ಮತ್ತೆ ಇಳಿಸಿದರು. ನಲವತ್ತು ವರ್ಷ ಕುರುಡಾಗಿಯೇ ಮಾಡಬಲ್ಲೆನೆನ್ನುತ್ತಿದ್ದ ಕೆಲಸ. ಬೆರಳು ನಡುಗಿತು, ತಿರುಪುಳಿ ಜಾರಿತು. ಒಂದು ಮಾತೂ ಆಡದೆ ಅದನ್ನು ಮಗಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು.

ಆಕೆ ತಿರುಪನ್ನು ಸಡಿಲಿಸಿ, ಪಟ್ಟಿಯನ್ನು ಸಂದಿಗೆ ಹೊಂದಿಸಿ, ತಿರುಪನ್ನು ಬಿಗಿದು, ಮತ್ತೊಮ್ಮೆ ಅಳೆದು ನೋಡಿದಳು. ಉಜ್ಜುವ ಏಣಿಗೆ ಒಂದು ಚಿಟಿಕೆ ಗ್ರೀಸು ಹಚ್ಚಿದಳು. ಇಪ್ಪತ್ತು ನಿಮಿಷದಲ್ಲಿ ಎಂಜಿನ್ನು ಹೊಲಿಗೆ ಯಂತ್ರದಂತೆ ನುಡಿಯಿತು.

“ನೋಡಿದಿರಾ?” ಎಂದಳು ಮಗಳು ಉತ್ಸಾಹದಿಂದ. “ನಿಮ್ಮ ಪೆಟ್ಟಿಗೆಯದು ಇಲ್ಲಿ ಕೆಟ್ಟಿದ್ದರೆ ಲಾರಿಯನ್ನು ಎಳೆಸಿಕೊಂಡು ಹೋಗಬೇಕಿತ್ತು.”

“ನೋಡಿದೆ,” ಎಂದರು ತಂದೆ. “ಅದು ಇದ್ದಿದ್ದರೆ ನಾವು ಇಲ್ಲಿ ನಿಲ್ಲುತ್ತಲೇ ಇರಲಿಲ್ಲ.”

ಒಂದೇ ಘಟನೆಯಿಂದ ಇಬ್ಬರೂ ತಮ್ಮ ತಮ್ಮ ವಾದಕ್ಕೆ ಸಾಕ್ಷ್ಯ ಪಡೆದರು. ಲಾರಿ ಏರನ್ನು ಮುಗಿಸಿ ಘಾಟಿಯ ನೆತ್ತಿಯನ್ನು ತಲುಪಿತು.

ತಡೆಗೋಡೆಯಿಲ್ಲದ ಅಂಚು

ಘಾಟಿಯಿಂದಾಚೆ ಕಾಣುವ ಬೆಟ್ಟಗಳು ನಿಜವಾಗಿಯೂ ಕೆಂಪು. ಕಲ್ಲಿನಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಇಳಿಜಾರುಗಳಿಗೆ ಕುಂಕುಮ ಚೆಲ್ಲಿದಂತಾಗಿದೆ. ಅಲ್ಲಲ್ಲಿ ಹಳೆಯ ಗಣಿಗಳ ಮರದ ಗೋಪುರಗಳು ವಾಲಿಕೊಂಡು ನಿಂತಿವೆ. ಈ ಗಣಿಗಳಿಗೆ ದಾರಿ ಮಾಡಿದವನು ಆಟೊ ಮಿಯರ್ಸ್. ರಷ್ಯಾ ಚಕ್ರಾಧಿಪತ್ಯದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಅಮೆರಿಕಾಕ್ಕೆ ಬಂದವನು. 1880ರ ದಶಕದಲ್ಲಿ ಅವನು ಯೂರೇಯಿಂದ ಬಂಡೆಯನ್ನು ಕೊರೆದು ಬಂಡಿದಾರಿ ಮಾಡಿಸಿ, ಬೇರ್ ಕ್ರೀಕ್ ಜಲಪಾತದ ಬಳಿ ಸುಂಕದ ಕಟ್ಟೆ ಇಟ್ಟನು. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಪ್ರಪಾತ. ಸುಂಕ ತಪ್ಪಿಸಿ ಬೇರೆ ದಾರಿ ಹಿಡಿಯುವ ಉಪಾಯವೇ ಇರಲಿಲ್ಲ. 1920ರ ದಶಕದ ಮೊದಲ ವರ್ಷಗಳಲ್ಲಿ ಆ ಬಂಡಿದಾರಿಯೇ ಮೋಟಾರು ರಸ್ತೆಯಾಯಿತು.

ಅಂಕಂಪಾಗ್ರೆ ನದಿಯ ಕಂದರವನ್ನು ಹೊಕ್ಕಾಗ ಲಾರಿಯಲ್ಲಿ ಮಾತು ನಿಂತಿತು. ರಸ್ತೆಯ ಅಂಚಿನಲ್ಲಿ ಬಹು ದೂರದವರೆಗೆ ತಡೆಗೋಡೆಯಿಲ್ಲ. ಚಳಿಗಾಲದಲ್ಲಿ ಯಂತ್ರಗಳು ಹಿಮವನ್ನು ಪ್ರಪಾತಕ್ಕೆ ನೂಕಲು ಅಂಚು ತೆರೆದಿರಬೇಕೆಂದು ಕಾರಣ ಹೇಳುತ್ತಾರೆ. ಹಾಗೆ ಹಿಮ ಸರಿಸುತ್ತಿದ್ದಾಗ ಹಿಮಪಾತಕ್ಕೆ ಸಿಕ್ಕಿ ಮಡಿದ ನೌಕರರಿಗೆ ರಸ್ತೆಯ ಬದಿಯಲ್ಲಿ ಸ್ಮಾರಕವಿದೆ. ಮಗಳು ವೇಗವನ್ನು ಇನ್ನಷ್ಟು ತಗ್ಗಿಸಿದಳು.

ಅಮೆರಿಕಾದಲ್ಲಿ ವಾಹನಗಳು ಬಲಗಡೆಗೆ ಹೋಗುತ್ತವೆ. ಯೂರೇಯತ್ತ ಇಳಿಯುವವರು ಬಂಡೆಯ ಮಗ್ಗುಲಿಗಿರುತ್ತಾರೆ. ಯೂರೇಯಿಂದ ಏರಿ ಬರುವವರು ಪ್ರಪಾತದ ಅಂಚಿಗಿರುತ್ತಾರೆ. ಎದುರಿನಿಂದ ದೊಡ್ಡ ಗಾಡಿಯೊಂದು ಬಂದಿತು. ಅದರ ಹೊರಗಾಲಿಗೂ ಆಕಾಶಕ್ಕೂ ನಡುವೆ ಬಿಳಿಯ ಗೆರೆಯೊಂದೇ ಇತ್ತು. ಮುಂದಿನ ವಾರದಿಂದ ಮನೆಗೆ ಬರುವಾಗಲೆಲ್ಲ ತಾನು ಹತ್ತಬೇಕಾದುದು ಆ ಮಗ್ಗುಲಿನಲ್ಲಿಯೇ ಎಂಬುದು ಮಗಳಿಗೆ ಅರಿವಾಯಿತು.

“ಅಪ್ಪಾ, ಇಲ್ಲಿ ಕೆಮ್ಮಿದ್ದರೆ?” ಎಂದಳು ಸ್ವಲ್ಪ ಹೊತ್ತಾದ ಮೇಲೆ.

ತಂದೆ ಉತ್ತರಿಸಲಿಲ್ಲ. ತಿರುಪುಳಿ ಹಿಡಿಯಬಲ್ಲ ಕೈ ಇದ್ದರೂ ಇಲ್ಲಿ ಬಾನೆಟ್ಟು ಎತ್ತಿ ನಿಲ್ಲಲು ನೆಲವೇ ಇಲ್ಲ.

ಯೂರೇಯ ಷೆಡ್ಡಿನಲ್ಲಿ

ಮೂರು ಕಡೆ ಕಡಿದಾದ ಬೆಟ್ಟ, ನಡುವೆ ಬಿಸಿನೀರಿನ ಬುಗ್ಗೆಗಳು. ಯೂರೇ 7,792 ಅಡಿ ಎತ್ತರದ ಪುಟ್ಟ ಊರು. ಅಲ್ಲಿ ಹಳೆಯ ಗಾಡಿಗಳ ಪರಿಚಯವುಳ್ಳ ವೃದ್ಧ ಮೆಕ್ಯಾನಿಕ್ಕರ ಷೆಡ್ಡಿಗೆ ಇಬ್ಬರೂ ಹೋದರು. ಆತ ಎರಡೂ ವಾದಗಳನ್ನು ಶಾಂತವಾಗಿ ಕೇಳಿದರು. ರಟ್ಟಿನ ಪೆಟ್ಟಿಗೆಯತ್ತ ಕಣ್ಣೆತ್ತಿಯೂ ನೋಡದೆ ಡಿಸ್ಟ್ರಿಬ್ಯೂಟರಿನ ದಂಡವನ್ನು ಎರಡು ಬೆರಳಿನಲ್ಲಿ ಹಿಡಿದು ಅತ್ತಿತ್ತ ಅಲುಗಿಸಿದರು. ದಂಡ ಸಡಿಲವಾಗಿ ಓಲಾಡಿತು.

“ಜಗಳ ಇದರದು. ಬುಷ್ ಸವೆದಿದೆ,” ಎಂದರು. “ದಂಡ ಓಲಾಡಿದರೆ ಪಾಯಿಂಟಿನ ಸಂದು ಒಂದೇ ಸಮ ನಿಲ್ಲುವುದಿಲ್ಲ. ಹೊಸ ಸೆಟ್ಟು ಈ ದೋಷವನ್ನು ಕೆಲಕಾಲ ಮುಚ್ಚಿಡಬಹುದು, ಗುಣಪಡಿಸಲಾರದು. ಮೊದಲು ಬುಷ್ ಬದಲಾಯಿಸಿ. ಆಮೇಲೆ ಯಾವುದನ್ನು ಬೇಕಾದರೂ ಹಾಕಿ.”

ಬಳಿಕ ಆತ ಪೆಟ್ಟಿಗೆಯನ್ನು ತೆರೆದು ಒಳಗಿದ್ದುದನ್ನು ಪರೀಕ್ಷಿಸಿದರು. ಈ ಲಾರಿಯ ಬ್ಯಾಟರಿ ಇಂದಿನ ಗಾಡಿಗಳಂತೆ 12 ವೋಲ್ಟಿನದಲ್ಲ, 6 ವೋಲ್ಟಿನದು. ಸೆಟ್ಟು 6 ವೋಲ್ಟಿಗೆ ಮಾಡಿದುದೇ ಆಗಿತ್ತು. ಆದರೂ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಒತ್ತಡ ಇನ್ನಷ್ಟು ಕುಸಿಯುತ್ತದೆ. ಆದ್ದರಿಂದ ದಪ್ಪನೆಯ ತಂತಿಗಳೂ ತುಕ್ಕಿಲ್ಲದ ಕೂಡುಗಳೂ ಅಗತ್ಯ. ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿದರೆ ಕ್ಷಣದಲ್ಲಿ ಸುಟ್ಟೀತು. ಎಂಜಿನ್ನು ನಿಂತಿರುವಾಗ ಕೀಲಿಯನ್ನು ಬಹಳ ಹೊತ್ತು ತಿರುಗಿಸಿಟ್ಟರೂ ಕೆಟ್ಟೀತು. ಹಳೆಯ ಪಾಯಿಂಟು ಸಹಿಸಿಕೊಳ್ಳುತ್ತಿದ್ದ ಕೆಲವು ಅಜಾಗರೂಕತೆಗಳನ್ನು ಇದು ಸಹಿಸದು.

“ಇದಕ್ಕಾಗಿ ಏನನ್ನಾದರೂ ಕೊರೆಯಬೇಕೆ? ಕತ್ತರಿಸಬೇಕೆ?” ಎಂದು ಮಗಳು ಕೇಳಿದಳು.

“ಏನೂ ಇಲ್ಲ. ಎರಡು ತಿರುಪು, ಎರಡು ತಂತಿ. ಹಾಕಿದಷ್ಟೇ ಸುಲಭವಾಗಿ ತೆಗೆಯಬಹುದು.”

ಆಕೆ ಬಹಳ ಹೊತ್ತು ಯೋಚಿಸಿದಳು. ಅಜ್ಜ ಮುಟ್ಟಿದ ಲೋಹವನ್ನು ಎಸೆಯಬೇಕಾಗುವುದೆಂಬ ಅಳುಕು ಆಕೆಯದಾಗಿತ್ತು. ಅದನ್ನು ಈವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಎಸೆಯಬೇಕಾಗಿಲ್ಲವೆಂದು ತಿಳಿದಾಗ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಅಂಚಿನಲ್ಲಿ ನಿಲ್ಲದಂತೆ ನಡೆಸುವುದು ಹೊಸದರ ಕೆಲಸವಾಗಲಿ. ಅದು ಸತ್ತ ದಿನ ಮನೆ ಮುಟ್ಟಿಸುವುದು ಹಳೆಯದರ ಕೆಲಸವಾಗಲಿ. ಪಾಯಿಂಟು, ಕಂಡೆನ್ಸರ್, ಅವು ಕೂರುವ ತಟ್ಟೆ, ತೆಳುಪಟ್ಟಿ, ತಿರುಪುಳಿ, ಎಲ್ಲವೂ ಆಸನದ ಕೆಳಗಿರಬೇಕು.

“ಹಾಕೋಣ, ಅಪ್ಪಾ,” ಎಂದಳು. “ಆದರೆ ತೆಗೆದು ಹಳೆಯದನ್ನು ಮತ್ತೆ ಕೂರಿಸುವುದನ್ನು ಇಲ್ಲೇ ನಾನು ಮೂರು ಸಲ ಮಾಡಿ ನೋಡಬೇಕು. ಕೊನೆಯ ಸಲ ಕತ್ತಲಲ್ಲಿ, ಟಾರ್ಚಿನ ಬೆಳಕಿನಲ್ಲಿ.”

ಬುಷ್ ಬದಲಾಯಿಸಲು ಎರಡು ದಿನ ಹಿಡಿಯಿತು. ಮೂರನೆಯ ಸಂಜೆ ಷೆಡ್ಡಿನ ದೀಪವನ್ನು ಆರಿಸಿದರು. ತಂದೆ ಟಾರ್ಚು ಹಿಡಿದು ನಿಂತರು; ಮಗಳು ಬಾನೆಟ್ಟಿನ ಕೆಳಗೆ ಬಾಗಿದಳು. ಹೊರಗೆ ಬೆಟ್ಟದ ತುದಿಗಳಲ್ಲಿ ಆ ವರ್ಷದ ಮೊದಲ ಹಿಮ ತೆಳ್ಳಗೆ ಬೀಳುತ್ತಿತ್ತು. ಹದಿನೆಂಟು ನಿಮಿಷಕ್ಕೆ ಹಳೆಯ ಪಾಯಿಂಟಿನ ಮೇಲೆ ಎಂಜಿನ್ನು ಸದ್ದು ಮಾಡಿತು. ಆಕೆ ಅದನ್ನು ನಿಲ್ಲಿಸಿ, ಮತ್ತೆ ಬಿಚ್ಚಿ, ಹೊಸದನ್ನು ಕೂರಿಸಿದಳು. ಹಳೆಯ ಭಾಗಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಅಜ್ಜನ ತಂಬಾಕಿನ ಡಬ್ಬಿಯಲ್ಲಿಟ್ಟಳು. ತಂದೆ ಡಬ್ಬಿಯ ಮುಚ್ಚಳವನ್ನು ಒತ್ತಿ ನೋಡಿ, ಭದ್ರವಾಗಿದೆಯೆಂದು ಖಚಿತವಾದ ಮೇಲೆ ಆಸನದ ಕೆಳಕ್ಕೆ ಸರಿಸಿದರು.

ಬೆಳಗಿನ ಹೊತ್ತಿಗೆ ಹಿಮ ಕರಗಿ ರಸ್ತೆ ಒಣಗಿತ್ತು. ತಂದೆಯನ್ನು ಮನೆಗೆ ಮುಟ್ಟಿಸಲು ಮಗಳು ಲಾರಿಯನ್ನು ದಕ್ಷಿಣಕ್ಕೆ ತಿರುಗಿಸಿದಳು. ಬೇರ್ ಕ್ರೀಕ್ ಜಲಪಾತವನ್ನು ದಾಟಿ ಅದು ಪ್ರಪಾತದ ಮಗ್ಗುಲಿನಲ್ಲಿ ನಿಧಾನವಾಗಿ ಏರಿತು, ಒಮ್ಮೆಯೂ ಕೆಮ್ಮದೆ.